ಹಳ್ಳದ ಕೆಂಪು ನೀರು ತಿಳಿಯಾಗುತ್ತಿಲ್ಲ, ಏನು ಮಾಡೋದು?

ಪ್ರಶ್ನೆ (ಮೂಡಿಗೆರೆ ಕಡೆಯವರು): ಸರ್, ನಮಗೆ ಹಳ್ಳದಿಂದ ಪೈಪ್‌ನಲ್ಲಿ ನೀರು ಬರುತ್ತದೆ. ಮಳೆಗಾಲದಲ್ಲಿ 1000 ಲೀಟರ್ ಟ್ಯಾಂಕ್ ಪೂರ್ತಿ ಕೆಂಪು. ನಾಲ್ಕು ದಿನ ಬಿಟ್ಟರೂ ಹಾಗೇ ಇರುತ್ತದೆ. ಪಟಿಕ ಹಾಕಿದೆವು, ಸಾಲಲಿಲ್ಲ ಅಂತ ಇನ್ನೊಂದಷ್ಟು ಹಾಕಿದೆವು. ಆದರೂ ಮಬ್ಬು ಹೋಗಿಲ್ಲ. ಪಟಿಕ ಕಲಬೆರಕೆಯಾ?

ಉತ್ತರ (ನೀರು ಶುದ್ಧೀಕರಣದ ಕೆಮಿಸ್ಟ್, ಹಾಸನ): ಪಟಿಕವನ್ನು ದೂರುವ ಮೊದಲು ಅಳತೆ ನೋಡಿ. ಜಾಸ್ತಿಯಾದರೂ ನೀರು ತಿಳಿಯಾಗುವುದಿಲ್ಲ.

ಜೇಡಿಯ ಕಣ ಬಹಳ ಸಣ್ಣದು. 1 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಕಣ ನಿಂತ ನೀರಿನಲ್ಲಿ 1 ಮೀಟರ್ ಇಳಿಯಲು ಸುಮಾರು 13 ದಿನ ಬೇಕು. ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾದರೆ ಬೇಗ ಇಳಿಯುತ್ತವೆ. ಆದರೆ ಎಲ್ಲದರ ಮೈಮೇಲೂ ಮೈನಸ್ ಚಾರ್ಜ್ ಇರುತ್ತದೆ, ಹತ್ತಿರ ಬಂದರೆ ತಳ್ಳಿಕೊಳ್ಳುತ್ತವೆ. ಪಟಿಕದ ಅಲ್ಯೂಮಿನಿಯಂಗೆ ಪ್ಲಸ್ ಚಾರ್ಜ್. ಅದು ಈ ತಳ್ಳಾಟವನ್ನು ನಿಲ್ಲಿಸುತ್ತದೆ. ಆಗ ಕಣಗಳು ಡಿಕ್ಕಿ ಹೊಡೆದಲ್ಲೇ ಅಂಟಿಕೊಂಡು ಗಡ್ಡೆ ಕಟ್ಟುತ್ತವೆ. ಪಟಿಕ ಮಿತಿ ಮೀರಿದರೆ ಕಣಗಳೆಲ್ಲ ಪ್ಲಸ್ ಆಗಿ ಮತ್ತೆ ತಳ್ಳಾಟ ಶುರು. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ.

ನೇತ್ರಾವತಿ ಕುದುರೆಮುಖದ ಕಡೆಯಿಂದ ಮಣ್ಣು ಹೊತ್ತು ಮಂಗಳೂರಿಗೆ ಹೋಗುತ್ತದಲ್ವಾ? ಸಮುದ್ರದ ಉಪ್ಪು ತಗುಲಿದ ಕೂಡಲೇ ಅಲ್ಲೂ ಜೇಡಿ ಹೀಗೇ ಗಡ್ಡೆ ಕಟ್ಟುತ್ತದೆ. ನನಗೆ ತುಂಬಾ ಇಷ್ಟದ ಸಂಗತಿ ಇದು.

ಈಗ ಅಳತೆಗೆ ಬನ್ನಿ. 1 ಲೀಟರ್ ನೀರಿಗೆ 10 ಗ್ರಾಂ ಪಟಿಕ ಕರಗಿಸಿ. ಲೀಟರ್ ಬಾಟಲಿ ಐದರಲ್ಲಿ ಹೊಸ ಹಳ್ಳದ ನೀರು ತುಂಬಿ, ಆ ಪಟಿಕದ ನೀರನ್ನು ಸಿರಿಂಜಿನಲ್ಲಿ ಒಂದೊಂದು ಬಾಟಲಿಗೆ ಕ್ರಮವಾಗಿ 1, 2, 3, 4, 5 ಮಿಲಿ ಹಾಕಿ. ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ಕಾಲು ಗಂಟೆ ನಿಧಾನಕ್ಕೆ. ಜೋರಾಗಿ ಕಲಕುತ್ತಲೇ ಇದ್ದರೆ ಕಟ್ಟಿದ ಗಡ್ಡೆ ಒಡೆಯುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿ. 3 ಮಿಲಿಯದು ಚೆನ್ನಾಗಿದ್ದರೆ ಟ್ಯಾಂಕ್‌ಗೆ 30 ಗ್ರಾಂ. ಮಳೆ ಜೋರಾದಾಗ ಮತ್ತೆ ಪರೀಕ್ಷೆ ಮಾಡಿ, ಹಳ್ಳ ದಿನಕ್ಕೊಂದು ತರ ಇರುತ್ತದೆ.

ಯಾವುದೂ ತಿಳಿಯಾಗದಿದ್ದರೆ ತೀರಾ ಸ್ವಲ್ಪ ಸುಣ್ಣ ಸೇರಿಸಿ ನೋಡಿ. ಮಲೆನಾಡಿನ ಹಳ್ಳದ ನೀರು ಮೆದು, ಅಂದರೆ ಅದರಲ್ಲಿ ಕರಗಿದ ಸುಣ್ಣದಂಥ ಅಂಶ ಕಡಿಮೆ. ಪಟಿಕ ಬಿದ್ದರೆ ಬೇಗ ಹುಳಿಯಾಗುತ್ತದೆ, ಆಗ ಗಡ್ಡೆ ಸರಿಯಾಗಿ ಕಟ್ಟುವುದಿಲ್ಲ.

ಇನ್ನೊಬ್ಬರು (ಸಕಲೇಶಪುರ): ನುಗ್ಗೆ ಬೀಜ ಅರೆದು ಹಾಕಿದರೆ ಆಗುತ್ತಾ ಸರ್?

ಉತ್ತರ: ಆಗುತ್ತದೆ. ಬೀಜದ ಪ್ರೋಟೀನಿಗೂ ಪ್ಲಸ್ ಚಾರ್ಜ್ ಇದೆ. ಆದರೆ ಬೀಜದ ಉಳಿದ ಅಂಶ ನೀರಲ್ಲೇ ಇರುವುದರಿಂದ ಇಟ್ಟರೆ ವಾಸನೆ ಬರುತ್ತದೆ, ಅವತ್ತೇ ಬಳಸಿ. ಪಟಿಕವಾಗಲಿ ನುಗ್ಗೆಯಾಗಲಿ, ಕುಡಿಯುವ ನೀರನ್ನು ಕುದಿಸಲೇಬೇಕು. ತಿಳಿಯಾದ ನೀರಿನಲ್ಲೂ ರೋಗಾಣು ಇರುತ್ತವೆ.