ಹೊಟ್ಟೆ ಕೆಟ್ಟಾಗ ಮಗುವಿಗೆ ಫಿಟ್ಸ್ ಬಂತು, ಮುಂದೆ ಹೇಗೆ? ಅನುಭವ ಇದ್ದವರು ಹೇಳಿ

ನಿದ್ದೆಯಿಲ್ಲದವಳು: ಮಗನಿಗೆ 19 ತಿಂಗಳು. ವಾಂತಿ ಭೇದಿ ಶುರುವಾದ ಎರಡನೇ ದಿನ ಫಿಟ್ಸ್ ಬಂತು. ಜ್ವರ ಇರಲೇ ಇಲ್ಲ. ಒಂದೇ ದಿನ 4 ಸಲ, ಪ್ರತಿ ಸಲ ಒಂದೆರಡು ನಿಮಿಷ. ನಡುವೆ ಎದ್ದು ಆಡುತ್ತಿದ್ದ. ಶುಗರ್, ಸೋಡಿಯಂ ಎಲ್ಲ ಸರಿಯಿದೆ. ಇದು ಹೊಟ್ಟೆ ಕೆಟ್ಟಾಗ ಬರುವ ಫಿಟ್ಸ್, ದಿನಾ ಔಷಧಿ ಬೇಡ, ಬೆಳೆದ ಹಾಗೆ ಹೋಗುತ್ತದೆ ಅಂದರು ಡಾಕ್ಟರು. ನಂಬಲಾ? ನಿಮ್ಮ ಮಕ್ಕಳು ಈಗ ಹೇಗಿದ್ದಾರೆ? ಮಾತು, ಓದು? ಇನ್ನೊಂದು, ನಾನೀಗ 7 ತಿಂಗಳ ಬಸುರಿ. ಹುಟ್ಟುವ ಮಗುವಿಗೂ ಹೀಗಾಗುತ್ತದಾ?

ಇಬ್ಬರ ಅಮ್ಮ: ನನ್ನ ಮಗನಿಗೆ ಈಗ 9 ವರ್ಷ. ಮೊದಲ ಸಲ ಬಂದಾಗ 16 ತಿಂಗಳು. ಹಾಲಿನ ಬಾಟಲಿ ಕೈಯಿಂದ ಜಾರಿ ಮಂಚದ ಕೆಳಗೆ ಉರುಳಿತು. ತೆಗೆಯೋಣ ಅಂತ ಬಗ್ಗಿ ಎದ್ದರೆ ಕಣ್ಣೆರಡೂ ಎಡಕ್ಕೆ ನೆಟ್ಟಿವೆ, ತುಟಿ ನೀಲಿ. ಆ ರಾತ್ರಿ 5 ಸಲ. ಮಿದುಳಿನ ಅಲೆ ನೋಡುವ ಇಇಜಿ 2 ಸಲ, ಎಂಆರ್‌ಐ, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ, ಎಲ್ಲ ನಾರ್ಮಲ್. ಇಇಜಿಗೆ ಹಚ್ಚಿದ ಅಂಟು 3 ದಿನ ತಿಕ್ಕಿದರೂ ಕೂದಲು ಬಿಡಲಿಲ್ಲ, ಕೊನೆಗೆ ಕತ್ತರಿ ಹಾಕಿದೆ. ನೆಂಟರೆಲ್ಲ ಔಷಧಿ ಶುರು ಮಾಡಿ ಅಂತ ಬೆನ್ನು ಹತ್ತಿದರು. ನಾನು ಜಗ್ಗಲಿಲ್ಲ, ಡಾಕ್ಟರೂ ಬೇಡ ಅಂದಿದ್ದರು. 8 ತಿಂಗಳಾದ ಮೇಲೆ ಮತ್ತೆ ಭೇದಿಯಾದಾಗ ಒಂದು ಸಲ ಬಂತು. ಅಷ್ಟೇ. ಆಮೇಲೆ 7 ವರ್ಷ, ಒಂದೂ ಇಲ್ಲ. ಮಾತಾ? ಬಾಯಿ ಮುಚ್ಚಿಸೋಕೆ ಆಗಲ್ಲ. ಹೆದರಿಕೊಂಡು ವರ್ಷಗಟ್ಟಲೆ ಸಿರಪ್ ಕುಡಿಸುವವರನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತದೆ.

ಸಿರಪ್ ಅಪ್ಪ: ಆ ಪಾಪದವರಲ್ಲಿ ನಾನೂ ಒಬ್ಬ. ನಮಗೆ ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ. ಮೊದಲು ಹೋದ ಕಡೆ ಅಪಸ್ಮಾರ ಅಂತ ವಾಲ್ಪ್ರೋಯೇಟ್ ಸಿರಪ್ ಬರೆದರು. ದಿನಕ್ಕೆ 2 ಸಲ, 2 ವರ್ಷ, ಅಂದರೆ 1,460 ಸಲ. ಫ್ರಿಜ್ ಬಾಗಿಲಿನ ಕ್ಯಾಲೆಂಡರಿನಲ್ಲಿ ಟಿಕ್ ಹಾಕಿದ್ದೇನೆ, ಉಗಿದ ದಿನಕ್ಕೆ ಸುತ್ತು. ಕುಡಿದ 10 ನಿಮಿಷಕ್ಕೆ ವಾಂತಿ ಮಾಡಿದರೆ ಮತ್ತೆ ಕೊಡಬೇಕಾ ಬೇಡವಾ ಅಂತ ಮಧ್ಯರಾತ್ರಿ ಗಂಡ ಹೆಂಡತಿ ಜಗಳ. ಲಿವರ್ ನೋಡಲು ರಕ್ತ ತೆಗೆಸಿದ್ದು 9 ಸಲ, ಅದರಲ್ಲಿ 2 ಸಲ ಕೈಯಲ್ಲಿ ನರ ಸಿಗದೆ ಕಾಲಿಗೆ ಚುಚ್ಚಿದರು. ಆಮೇಲೆ ಬೇರೆ ಡಾಕ್ಟರು ಫೈಲ್ ತಿರುವಿ, ಇದು ಬೇಕೇ ಇರಲಿಲ್ಲವಲ್ಲ ಅಂದರು. ಮಗಳಿಗೆ ಈಗ 6 ವರ್ಷ, ಚೆನ್ನಾಗಿದ್ದಾಳೆ. ಆದರೆ ಆ 2 ವರ್ಷ ನಾವು ರಾತ್ರಿ ಮಲಗಿದೆವು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಇಬ್ಬರ ಅಮ್ಮ: ನೀವು ಮಲಗೋಕೆ ಮಗುವಿಗೆ ಔಷಧಿನಾ?

ಸಿರಪ್ ಅಪ್ಪ: ಬರೆದದ್ದನ್ನು ಕೊಟ್ಟೆ. ನಿಮಗೆ ಮೊದಲ ದಿನವೇ ಸರಿಯಾಗಿ ಹೇಳುವವರು ಸಿಕ್ಕರು. ಅದು ಅದೃಷ್ಟ, ಜಾಣತನ ಅಲ್ಲ.

ವಾರ್ಡ್ ನರ್ಸ್: ಇಬ್ಬರೂ ಸ್ವಲ್ಪ ನಿಲ್ಲಿಸಿ. 14 ವರ್ಷದಿಂದ ಮಕ್ಕಳ ವಾರ್ಡಿನಲ್ಲಿದ್ದೇನೆ. ಹೊಟ್ಟೆ ಕೆಟ್ಟಾಗ ಬರುವ ಈ ಫಿಟ್ಸನ್ನು ಮೊದಲು ಗುರುತಿಸಿ ಬರೆದವರು ಜಪಾನಿನ ಡಾಕ್ಟರು ಮೊರೊಕಾ, 1982ರಲ್ಲಿ. ಹೆಚ್ಚಾಗಿ 6 ತಿಂಗಳಿಂದ 3 ವರ್ಷದೊಳಗಿನ ಗಟ್ಟಿಮುಟ್ಟಾದ ಮಕ್ಕಳು, ವಾಂತಿ ಭೇದಿ ತರುವ ರೋಟಾ ಅಥವಾ ನೋರೋ ವೈರಸ್, ಜ್ವರ ಇಲ್ಲ, ಒಂದೆರಡು ದಿನದಲ್ಲಿ ಸಾಲಾಗಿ ಬಂದು ನಿಂತುಹೋಗುತ್ತದೆ. ಈ ಸಾಲು ಫಿಟ್ಸ್ ನಿಲ್ಲಿಸಲು ಕೊಡುವ ಡಯಾಜೆಪಾಮ್‌ಗೆ ಎಷ್ಟೋ ಸಲ ಬಗ್ಗುವುದಿಲ್ಲ, ಫಿಟ್ಸಿನದೇ ಇನ್ನೊಂದು ಔಷಧಿ ಕಾರ್ಬಮಜೆಪಿನ್ ಕಡಿಮೆ ಡೋಸಿನಲ್ಲಿ ಒಂದೇ ಸಲ ಕೊಟ್ಟು ನಿಂತದ್ದನ್ನು ನೋಡಿದ್ದೇನೆ. ಮುಂದೆ ಅಪಸ್ಮಾರಕ್ಕೆ ತಿರುಗುವುದು ಅಪರೂಪ. ಬೆಳವಣಿಗೆಯೂ ಸರಿಯಾಗಿಯೇ ಆಗುತ್ತದೆ. ರೋಟಾ ಲಸಿಕೆ ಹಾಕಿಸಿದ್ದರೆ ಅರ್ಧ ತಲೆನೋವೇ ಇರುತ್ತಿರಲಿಲ್ಲ.

ಇಬ್ಬರ ಅಮ್ಮ: ನಾನು ಎಲ್ಲ ಡೋಸೂ ಹಾಕಿಸಿದ್ದೆ. ಕಾರ್ಡ್ ಇನ್ನೂ ಇದೆ.

ವಾರ್ಡ್ ನರ್ಸ್: ಹಾಗಾದರೆ ನೋರೋ ಇದ್ದಿರಬಹುದು, ಅದಕ್ಕೆ ಲಸಿಕೆ ಇಲ್ಲ. ನಿಮಗೆ ಹೇಳಿದ್ದಲ್ಲ.

ಇಬ್ಬರ ಅಮ್ಮ: ಮತ್ತೆ ಯಾರಿಗೆ ಹೇಳಿದ್ದು?

ಉಪ್ಪುನೀರು: ಭೇದಿಯಲ್ಲಿ ಬರುವ ಫಿಟ್ಸ್ ಎಲ್ಲ ಇದೇ ಅಂದುಕೊಳ್ಳಬೇಡಿ. ಮಗಳಿಗೆ ಆಗ 11 ತಿಂಗಳು. 1 ಲೀಟರಿಗೆ ಕಲಸಬೇಕಾದ ಓಆರ್‌ಎಸ್ ಪ್ಯಾಕೆಟನ್ನು ನಮ್ಮ ಅತ್ತೆ ಒಂದು ಲೋಟಕ್ಕೆ ಕಲಸಿದರು. ಗಟ್ಟಿಯಾಗಿದ್ದರೆ ಬೇಗ ವಾಸಿಯಂತೆ. ಎರಡು ದಿನ ಹಾಗೇ ಕುಡಿಸಿದ್ದು. ರಕ್ತದಲ್ಲಿ ಸೋಡಿಯಂ ವಿಪರೀತ ಏರಿ 171 ಆಗಿತ್ತು. ಫಿಟ್ಸ್ 20 ನಿಮಿಷ ನಿಲ್ಲಲಿಲ್ಲ. ಐಸಿಯುನಲ್ಲಿ 6 ದಿನ. ಸೋಡಿಯಂ ಒಮ್ಮೆಲೇ ಇಳಿಸಿದರೆ ಮಿದುಳು ಊದುತ್ತದೆ ಅಂತ ಡ್ರಿಪ್ ತೊಟ್ಟು ತೊಟ್ಟಾಗಿ ಬಿಟ್ಟರು. 4 ಗಂಟೆಗೊಮ್ಮೆ ರಕ್ತ. ನಾನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದೆ, 171, 170, 168. ಈಗ ಅವಳಿಗೆ 5 ವರ್ಷ. ಎಡಗೈ ಹಿಡಿತ ಇನ್ನೂ ಸಡಿಲ, ಅಂಗಿ ಗುಂಡಿ ಹಾಕಲು ಬರಲ್ಲ.

ಸಿರಪ್ ಅಪ್ಪ: ಪ್ಯಾಕೆಟ್ ಹಿಂದೆ ಬರೆದಿರುತ್ತದೆ. ನೀವೇ ಓದಬಹುದಿತ್ತು ಅಲ್ವಾ? ಸುಮ್ನೆ ಅತ್ತೆ ತಲೆಗೆ ಯಾಕೆ ಕಟ್ಟುತ್ತೀರಿ?

ಉಪ್ಪುನೀರು: ನಾನು ವಾಂತಿ ಬಟ್ಟೆ ಒಗೆಯುತ್ತಿದ್ದೆ. ನಿಮ್ಮ ಮನೆಯಲ್ಲಿ ಯಾರು ಒಗೆದರು?

ಸಿರಪ್ ಅಪ್ಪ: ಮೆಷಿನ್.

ಉಪ್ಪುನೀರು: ಅಂದುಕೊಂಡೆ.

ವಾರ್ಡ್ ನರ್ಸ್: ಅಕ್ಕ ಹೇಳಿದ್ದು ಬೇರೆಯೇ ಕೇಸು, ಆದರೆ ಮಾತು ನಿಜ. 5 ನಿಮಿಷ ದಾಟಿದರೆ, ಅಥವಾ ನಡುವೆ ಮಗು ಮಂಕಾಗಿದ್ದರೆ, ಹಳೆಯ ಅನುಭವ ನೆಚ್ಚಿಕೊಂಡು ಮನೆಯಲ್ಲಿ ಕೂರಬೇಡಿ.

ನಿದ್ದೆಯಿಲ್ಲದವಳು: ಎಲ್ಲರಿಗೂ ಥ್ಯಾಂಕ್ಸ್. ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಯಾರೂ ಹೇಳಲಿಲ್ಲ.

ಇಬ್ಬರ ಅಮ್ಮ: ನನ್ನ ಎರಡನೆಯವಳಿಗೆ ಬರಲಿಲ್ಲ ಕಣಮ್ಮ. ಎಷ್ಟೋ ಸಲ ಹೊಟ್ಟೆ ಕೆಟ್ಟಿದೆ. ಆದರೂ ಅವಳಿಗೆ 3 ವರ್ಷ ತುಂಬುವವರೆಗೆ, ವಾಂತಿ ಮಾಡಿದ ರಾತ್ರಿಯೆಲ್ಲ ಲೈಟ್ ಹಾಕಿಕೊಂಡು ಅವಳ ಕಣ್ಣನ್ನೇ ನೋಡುತ್ತಾ ಕೂತಿದ್ದೇನೆ. ಇದನ್ನು ಸಿರಪ್ ಅಪ್ಪನಿಗೆ ಹೇಳಬೇಡಿ.

ಸಿರಪ್ ಅಪ್ಪ: ಓದಿದೆ.