ಡಿಫೆನ್ಸಿವ್ ಮಿಡ್‌ಫೀಲ್ಡ್‌ಗೆ ಈ ಹುಡುಗ ಒಗ್ಗುತ್ತಾನೆಯೇ?

ಪ್ರಶ್ನೆ (ವಾಸ್ಕೋದಿಂದ):
ನಮ್ಮ ಬಡಾವಣೆಯ ಫುಟ್‌ಬಾಲ್ ತಂಡದಲ್ಲಿ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲುವ ರಕ್ಷಕ) ಆಗಿ ಆಡುವ ಹುಡುಗನೊಬ್ಬನನ್ನು ಮುಂದಿನ ಪಂದ್ಯಾವಳಿಯಲ್ಲಿ ಡಿಫೆನ್ಸಿವ್ ಮಿಡ್‌ಫೀಲ್ಡರ್ (ರಕ್ಷಕರ ಮುಂದೆ, ಮೈದಾನದ ಮಧ್ಯದಲ್ಲಿ ನಿಂತು ತಡೆಯುವವನು) ಆಗಿ ಆಡಿಸುವ ಯೋಚನೆಯಿದೆ. ಎತ್ತರವಿದ್ದಾನೆ, ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು) ಗಟ್ಟಿ, ದಣಿವೆಂಬುದೇ ಅವನಿಗೆ ಗೊತ್ತಿಲ್ಲ. ಇಷ್ಟು ಸಾಕೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಡಗಾಂವ್‌ನಿಂದ):
ಟ್ಯಾಕಲ್ ಎಣಿಸುವುದನ್ನು ಬಿಟ್ಟು, ಚೆಂಡು ಕಾಲಿಗೆ ಬರುವ ಮೊದಲು ಅವನು ಏನು ಮಾಡುತ್ತಾನೆಂದು ನೋಡಿ. ಸೆಂಟರ್ ಬ್ಯಾಕ್‌ಗೆ ಆಟದ ಬಹುಪಾಲು ಕಣ್ಣೆದುರೇ ನಡೆಯುತ್ತದೆ. ಮಧ್ಯದಲ್ಲಿ ನಿಂತವನ ಮೇಲೆ ಬೆನ್ನ ಹಿಂದಿನಿಂದಲೂ ಎದುರಾಳಿ ಎರಗುತ್ತಾನೆ. ಆದ್ದರಿಂದ ಪಾಸ್ ತಲುಪುವಷ್ಟರಲ್ಲಿ ಒಂದೆರಡು ಬಾರಿ ಹೆಗಲ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಿ, ಮೈಯನ್ನು ಓರೆಯಾಗಿ ತಿರುಗಿಸಿಕೊಂಡು, ಎದುರಾಳಿಯಿಂದ ದೂರವಿರುವ ಕಾಲಿನಲ್ಲಿ ಚೆಂಡನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಅರ್ಧ ಕೆಲಸ ಮುಗಿದಂತೆ. ಬಾರ್ಸಿಲೋನಾದಲ್ಲಿ ಇದೇ ಜಾಗದಲ್ಲಿ ಆಡಿದ ಸೆರ್ಜಿಯೊ ಬುಸ್ಕೆಟ್ಸ್ ವೇಗದ ಆಟಗಾರರಾಗಿರಲಿಲ್ಲ. ನಮ್ಮ ಎಫ್‌ಸಿ ಗೋವಾಕ್ಕೆ ಆಡಿದ ಅಹ್ಮದ್ ಜಾಹೂ ಕೂಡ ಓಟಕ್ಕಿಂತ ಉದ್ದನೆಯ ಪಾಸ್‌ಗಳಿಗೇ ಹೆಸರಾದವರು.

ಉತ್ತರ (ಪಣಜಿಯಿಂದ):
ಒಪ್ಪುತ್ತೇನೆ, ಆದರೆ ಎಲ್ಲ ತಂಡಗಳಿಗೂ ಬುಸ್ಕೆಟ್ಸ್ ಬೇಕಾಗಿಲ್ಲ. ಪಕ್ಕದಲ್ಲಿ ಒಳ್ಳೆಯ ಪಾಸ್ ಕೊಡಬಲ್ಲ ಇನ್ನೊಬ್ಬನಿದ್ದರೆ, ಚೆಂಡನ್ನು ಕಸಿದು ಹತ್ತಿರದವನಿಗೆ ಒಪ್ಪಿಸುವವನೇ ಸಾಕು. 2016ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಾಗ ಆ ತಂಡದ ಮಿಡ್‌ಫೀಲ್ಡರ್ ಕಾಂಟೆ ಮಾಡಿದ್ದು ಬಹುಮಟ್ಟಿಗೆ ಅದನ್ನೇ. ನನ್ನ ಆತಂಕ ಬೇರೆ: ಫುಲ್‌ಬ್ಯಾಕ್ (ಅಂಚಿನ ರಕ್ಷಕ) ಮುಂದಕ್ಕೆ ಹೋದಾಗ ಅವನು ತೆರವು ಮಾಡಿದ ಜಾಗವನ್ನು ನಿಮ್ಮ ಹುಡುಗ ಕಾಯುತ್ತಾನೆಯೇ, ಅಥವಾ ಚೆಂಡಿನ ಬೆನ್ನು ಹತ್ತುತ್ತಾನೆಯೇ? ದಣಿವೇ ಗೊತ್ತಿಲ್ಲವೆಂದು ನೀವು ಬರೆದದ್ದರಿಂದಲೇ ಈ ಅನುಮಾನ ಬಂತು.

ಪ್ರಶ್ನೆ ಕೇಳಿದವರು:
ಬೆನ್ನು ಹತ್ತುತ್ತಾನೆ, ನಿಜ. ಭಾನುವಾರದ ಅಭ್ಯಾಸ ಪಂದ್ಯದಲ್ಲಿ ಮೊದಲರ್ಧ ಮಾತ್ರ ಮಧ್ಯದಲ್ಲಿ ಆಡಿಸಿ, ಜಾಗ ಬಿಡಬಾರದೆಂದು ಹೇಳಿ ನೋಡುತ್ತೇನೆ.