ರಿಕವರಿ ಗಾಡಿಯ 60 ಲೀಟರ್ ಟ್ಯಾಂಕ್ ತೆಗೆದು 150 ಲೀಟರಿನದನ್ನು ಕೂರಿಸಬಹುದೇ?

ಪ್ರಶ್ನೆ: ಕುಂಬಳೆ ರಿಕವರಿ

ಎಲ್ಲರಿಗೂ ನಮಸ್ಕಾರ. ಕುಂಬಳೆಯಲ್ಲಿ ಒಂದು ರಿಕವರಿ ಗಾಡಿ ಇಟ್ಟುಕೊಂಡು ಆರು ವರ್ಷಗಳಿಂದ ದುಡಿಯುತ್ತಿದ್ದೇನೆ. 2017ರ ಮಾಡೆಲ್, ಕಾಮನ್ ರೈಲ್ (ಡೀಸೆಲನ್ನು ಅತಿ ಹೆಚ್ಚು ಒತ್ತಡದಲ್ಲಿ ಚಿಮ್ಮಿಸುವ) ಡೀಸೆಲ್ ಇಂಜಿನು, ಮೇಲೆ ಜಾರಿ ಇಳಿಯುವ ಬೆಡ್ಡು, ಹಿಂದೆ ಇನ್ನೊಂದು ಗಾಡಿಯ ಮುಂಚಕ್ರಗಳನ್ನು ಎತ್ತಿ ಎಳೆಯುವ ತೋಳು. ಕಂಪೆನಿಯ ಟ್ಯಾಂಕು 60 ಲೀಟರಿನದು. ಖಾಲಿ ಓಡುವಾಗ ಲೀಟರಿಗೆ 7 ಕಿಲೋಮೀಟರ್ ಸಿಗುತ್ತದೆ. ಸಂಪಾಜೆ ಘಾಟಿಯಲ್ಲಿ ಮೇಲೊಂದು ಕಾರು ಹೊತ್ತುಕೊಂಡು ಏರುವಾಗ ಅದು 4ಕ್ಕೆ ಇಳಿಯುತ್ತದೆ. ವಿಂಚ್ ಎಳೆಯಲು ನಿಂತಲ್ಲೇ ಇಂಜಿನು ಓಡಿಸುವ ಹೊತ್ತಿನಲ್ಲಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಹೋಗುತ್ತದೆ.

ಮಡಿಕೇರಿ, ಮೈಸೂರು ಕಡೆಯ ಕರೆಗಳು ಹೆಚ್ಚಾಗಿ ರಾತ್ರಿಯೇ ಬರುತ್ತವೆ. ಹೊರಡುವ ಮೊದಲು ಟ್ಯಾಂಕು ತುಂಬಿಸದಿದ್ದರೆ ನಡುದಾರಿಯಲ್ಲಿ ತೆರೆದಿರುವ ಪಂಪು ಹುಡುಕುವುದೇ ಒಂದು ಕೆಲಸವಾಗುತ್ತದೆ. ಇನ್ನೊಂದು ಕಾರಣವನ್ನು ಗಡಿಯಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಡೀಸೆಲ್ ಲೀಟರಿಗೆ ಐದಾರು ರೂಪಾಯಿ ಕಡಿಮೆಗೆ ಸಿಗುತ್ತದೆ. ದೊಡ್ಡ ಟ್ಯಾಂಕು ಇದ್ದರೆ ಅಲ್ಲಿಯೇ ತುಂಬಿಸಿಕೊಂಡು ವಾರ ಕಳೆಯಬಹುದಲ್ಲ ಎಂಬ ಆಸೆ. ಒಬ್ಬರು ತಗಡಿನಲ್ಲಿ 150 ಲೀಟರಿನ ಟ್ಯಾಂಕು ಮಾಡಿ ಕೂರಿಸಿಕೊಡಲು 38,000 ರೂಪಾಯಿ ಹೇಳಿದ್ದಾರೆ. ಹಳೆಯ ಟ್ಯಾಂಕನ್ನು ಇಟ್ಟುಕೊಂಡೇ ಎರಡನೆಯದೊಂದನ್ನು ಜೋಡಿಸುವುದು ಉತ್ತಮವೇ, ಅಥವಾ ಒಂದೇ ದೊಡ್ಡದು ಸಾಕೇ? ಇದನ್ನು ಮಾಡಿಸಿ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಪೆರ್ಲದ ಮೆಕ್ಯಾನಿಕ್

ಮೊದಲು ತಲಪಾಡಿಯ ಲೆಕ್ಕವನ್ನು ಮುಗಿಸಿಬಿಡೋಣ, ಏಕೆಂದರೆ ಅರ್ಧ ಜನ ದೊಡ್ಡ ಟ್ಯಾಂಕು ಕೇಳುವುದು ಅದಕ್ಕಾಗಿಯೇ. ಕೇರಳದಲ್ಲಿ 2023ರ ಏಪ್ರಿಲ್ 1ರಿಂದ ಲೀಟರಿಗೆ 2 ರೂಪಾಯಿಯ ಸಾಮಾಜಿಕ ಸುರಕ್ಷಾ ಸೆಸ್ ಬಂದ ಮೇಲೆ ಅಂತರ ಇನ್ನಷ್ಟು ಕಣ್ಣಿಗೆ ಕಾಣುತ್ತಿದೆ, ನಿಜ. ಆದರೆ ಕುಂಬಳೆಯಿಂದ ತಲಪಾಡಿಗೆ ಹೋಗಿ ಬರಲು 45 ಕಿಲೋಮೀಟರಿನಷ್ಟಾಗುತ್ತದೆ, ಅಂದರೆ ನಿಮ್ಮ ಗಾಡಿಗೆ ಆರೂವರೆ ಲೀಟರ್, ಸುಮಾರು 600 ರೂಪಾಯಿ. ಟ್ಯಾಂಕಿನ ತಳದಲ್ಲಿ ಇಪ್ಪತ್ತು ಲೀಟರ್ ಉಳಿದಿರುವಾಗ 130 ಲೀಟರ್ ತುಂಬಿಸಿದಿರಿ ಎಂದುಕೊಂಡರೂ, ಲೀಟರಿಗೆ 5 ರೂಪಾಯಿಯಂತೆ ಉಳಿಯುವುದು 650. ಡೀಸೆಲಿಗೆಂದೇ ಹೋಗಿಬಂದರೆ ಕೈಗೆ ಸಿಗುವುದು ಒಂದು ಊಟದ ಖರ್ಚು. ಮಂಗಳೂರಿಗೆ ಗಾಡಿ ಮುಟ್ಟಿಸಿ ಬರುವಾಗ ತುಂಬಿಸಿದರೆ ಉಳಿತಾಯವಿದೆ, ಆದರೆ ಅದಕ್ಕೆ ಈಗಿನ 60 ಲೀಟರೂ ತಕ್ಕಮಟ್ಟಿಗೆ ಸಾಕು. ಟ್ಯಾಂಕು ಬದಲಿಸುವುದಿದ್ದರೆ ರಾತ್ರಿಯ ದೂರಕ್ಕಾಗಿ ಬದಲಿಸಿರಿ.

ಇನ್ನು ತೂಕ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ. ನೀವು ಸೇರಿಸುವ 90 ಲೀಟರ್ ಎಂದರೆ 75 ಕಿಲೋ. ತಗಡು, ಬೆಲ್ಟು, ಬ್ರ್ಯಾಕೆಟ್ಟು ಸೇರಿ ನೂರರ ಹತ್ತಿರ ಹೋಗುತ್ತದೆ. ಹೊರುವ ಭಾರದಲ್ಲಿ ಅಷ್ಟು ಕಡಿಮೆಯಾಯಿತು. ಎಳೆಯುವ ಗಾಡಿಯಲ್ಲಿ ಆ ತೂಕ ಎಲ್ಲಿ ಕೂರುತ್ತದೆ ಎಂಬುದು ಇನ್ನೂ ಮುಖ್ಯ. ಹಿಂದಿನ ಆಕ್ಸಲಿನಿಂದ 2 ಮೀಟರ್ ಆಚೆ, ತೋಳಿನ ತುದಿಯಲ್ಲಿ 800 ಕಿಲೋ ಎತ್ತಿದಿರಿ ಎಂದುಕೊಳ್ಳಿ. ಎರಡು ಆಕ್ಸಲುಗಳ ನಡುವಿನ ಅಂತರ 3.4 ಮೀಟರ್ ಇದ್ದರೆ ಮುಂದಿನ ಆಕ್ಸಲಿನ ಮೇಲಿನ ಭಾರ 470 ಕಿಲೋ ಇಳಿಯುತ್ತದೆ. ಸ್ಟೇರಿಂಗ್ ಹಗುರಾಗಿ ಗಾಡಿ ತೇಲಿದಂತೆ ಆಗುವುದು ಇದರಿಂದಲೇ. ಹಿಂದೆ ಜಾಗ ಖಾಲಿ ಇದೆಯೆಂದು ಟ್ಯಾಂಕನ್ನು ಆಕ್ಸಲಿನ ಆಚೆ ತೂಗುಹಾಕಿದರೆ ಈ ತೊಂದರೆಗೆ ನೀವೇ ಕೈಜೋಡಿಸಿದಂತೆ. ಎರಡು ಆಕ್ಸಲುಗಳ ನಡುವೆಯೇ, ಚಾಸಿಯ ಹೊರ ಪಕ್ಕದಲ್ಲಿಯೇ ಅದು ಇರಬೇಕು. ನಿಮ್ಮ ಗಾಡಿಯಲ್ಲಿ ಅಲ್ಲಿ ಹೈಡ್ರಾಲಿಕ್ ಎಣ್ಣೆಯ ಟ್ಯಾಂಕೂ ಟೂಲ್ ಬಾಕ್ಸೂ ಈಗಾಗಲೇ ಜಾಗ ಹಿಡಿದಿರುತ್ತವೆ, ಆದ್ದರಿಂದ ಟೇಪು ಹಿಡಿದು ಅಳೆಯದೆ ಮುಂಗಡ ಕೊಡಬೇಡಿ. ಬೆಡ್ಡು ಹಿಂದಕ್ಕೆ ಜಾರಿ ವಾಲಿದಾಗ ಅದರ ಕೆಳಗಿನ ಯಾವ ಭಾಗ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಬೆಡ್ಡು ಓಡಿಸಿಯೇ ನೋಡಬೇಕು.

ಟ್ಯಾಂಕಿನ ಒಳಗೆ ಅಡ್ಡ ತಡೆಹಲಗೆಗಳು ಇರಲೇಬೇಕು. ಅರ್ಧ ತುಂಬಿದ 150 ಲೀಟರಿನ ಟ್ಯಾಂಕಿನಲ್ಲಿ 60 ಕಿಲೋಗೂ ಮಿಕ್ಕಿದ ದ್ರವ ಬ್ರೇಕು ಒತ್ತಿದಾಗಲೆಲ್ಲ ಮುಂದಕ್ಕೆ ನುಗ್ಗಿ ಬೆಸುಗೆಯನ್ನು ಗುದ್ದುತ್ತದೆ. ಘಾಟಿಯ ತಿರುವಿನಲ್ಲಿ ಎಲ್ಲವೂ ಒಂದು ಪಕ್ಕಕ್ಕೆ ಸರಿದರೆ ಹೀರುವ ಪೈಪಿನ ಬಾಯಿ ಗಾಳಿ ಎಳೆಯುತ್ತದೆ, ಕಾಮನ್ ರೈಲ್ ಇಂಜಿನು ಅಲ್ಲಿಯೇ ನಿಲ್ಲುತ್ತದೆ. ಹೈ ಪ್ರೆಶರ್ ಪಂಪಿಗೆ ಡೀಸೆಲೇ ಎಣ್ಣೆಯೂ ಆಗಿರುವುದರಿಂದ ಒಣಗಿ ಓಡಿದರೆ ಪಂಪು ಸವೆಯುತ್ತದೆ. ಆ ಖರ್ಚಿನ ಮುಂದೆ ಟ್ಯಾಂಕಿನ ಖರ್ಚು ಏನೂ ಅಲ್ಲ. ಮೇಲ್ಗಡೆ ಸ್ವಲ್ಪ ಖಾಲಿ ಜಾಗವನ್ನೂ ಬಿಡಬೇಕು. ಬೆಳಗಿನ ತಂಪಿನಲ್ಲಿ ಕುತ್ತಿಗೆವರೆಗೆ ತುಂಬಿಸಿದ 150 ಲೀಟರ್, ಮಧ್ಯಾಹ್ನ 15 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಎರಡು ಲೀಟರ್ ಹಿಗ್ಗುತ್ತದೆ. ಅದು ಹೋಗುವುದು ಗಾಳಿಕೊಳವೆಯ ಮೂಲಕ ರಸ್ತೆಗೆ.

ಎರಡು ಟ್ಯಾಂಕುಗಳ ವಿಚಾರ: ತಳದಲ್ಲಿ ಪೈಪು ಜೋಡಿಸಿ ಎರಡನ್ನೂ ಒಂದುಮಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಆ ಪೈಪೇ ಗಾಡಿಯ ಅತ್ಯಂತ ಕೆಳಗಿನ ಭಾಗವಾಗಿ, ಒಂದು ಕಲ್ಲು ತಗುಲಿದರೆ ಎರಡೂ ಖಾಲಿಯಾಗುತ್ತವೆ. ಅದರ ಬದಲು, ಎರಡನೆಯದರಿಂದ ಮೊದಲನೆಯದಕ್ಕೆ ಸಣ್ಣ ವಿದ್ಯುತ್ ಪಂಪಿನಿಂದ ವರ್ಗಾಯಿಸುವ ಏರ್ಪಾಡು ಕ್ಷೇಮ. ಹಾಗೆ ಮಾಡಿದರೆ ಇಂಜಿನಿನ ಮೂಲ ಲೈನನ್ನೂ, ಮಿಕ್ಕ ಡೀಸೆಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನೂ ಮುಟ್ಟಬೇಕಾಗಿಲ್ಲ.

ಉತ್ತರ 2: ಮುಳ್ಳೇರಿಯ ಲೋಡಿಂಗ್

ನಾನು ಮಾಡಿಸಿ ಕೈಸುಟ್ಟುಕೊಂಡವನು, ಆದ್ದರಿಂದ ಒಂದೇ ವಿಷಯ ಹೇಳುತ್ತೇನೆ. ನನ್ನ ಪಿಕಪ್ಪಿಗೆ ಟ್ಯಾಂಕು ಮಾಡಿಕೊಟ್ಟವರು ತುಕ್ಕು ಹಿಡಿಯಬಾರದೆಂದು ಜಿಐ ಶೀಟು, ಅಂದರೆ ಸತು ಲೇಪಿಸಿದ ತಗಡು, ಬಳಸಿದರು. ನಾನೂ ಖುಷಿಪಟ್ಟೆ, ಏಕೆಂದರೆ ನಮ್ಮ ಕಡೆಯ ಮಳೆಗೆ ಸಾದಾ ತಗಡು ಎಷ್ಟು ದಿನ ಬಾಳುತ್ತದೆ ಎಂದು ಎಲ್ಲರಿಗೂ ಗೊತ್ತು. ನಾಲ್ಕು ತಿಂಗಳಲ್ಲಿ ಫಿಲ್ಟರು ಮೇಲಿಂದ ಮೇಲೆ ಕಟ್ಟಲಾರಂಭಿಸಿತು, ಕೊನೆಗೆ ಎರಡು ಇಂಜೆಕ್ಟರು ಹೋದವು. ಆಮೇಲೆ ತಿಳಿದದ್ದು: ಶೀಟಿನ ಮೇಲಿನ ಸತು ಡೀಸೆಲಿನೊಂದಿಗೆ ಸೇರಿ ಸಾಬೂನಿನಂತಹ ಅಂಟು ಪದಾರ್ಥವಾಗುತ್ತದೆ. ತಾಮ್ರದ ಪೈಪೂ ಬೇಡ, ಅದು ಡೀಸೆಲನ್ನು ಬೇಗ ಕೆಡಿಸುತ್ತದೆ. ಅಲ್ಯೂಮಿನಿಯಂ ಅಥವಾ ಅಲ್ಯೂಮಿನಿಯಂ ಲೇಪದ ಉಕ್ಕು ಕೇಳಿರಿ. ಅಲ್ಯೂಮಿನಿಯಂ ಆದರೆ ಕಬ್ಬಿಣದ ಬೆಲ್ಟು ನೇರವಾಗಿ ತಾಗದಂತೆ ನಡುವೆ ರಬ್ಬರ್ ಪಟ್ಟಿ ಇರಲಿ. ಕುಂಬಳೆಯ ಉಪ್ಪುಗಾಳಿಯಲ್ಲಿ ಎರಡು ಲೋಹಗಳು ಕೂಡಿದ ಜಾಗ ಮೊದಲು ತಿನ್ನಿಹೋಗುತ್ತದೆ.

ಮಳೆಗಾಲದಲ್ಲಿ ದೊಡ್ಡ ಟ್ಯಾಂಕನ್ನು ಕಾಲುಭಾಗ ತುಂಬಿಸಿ ದಿನಗಟ್ಟಲೆ ನಿಲ್ಲಿಸಬೇಡಿ. ಖಾಲಿ ಜಾಗದ ತೇವವೆಲ್ಲ ನೀರಾಗಿ ತಳ ಸೇರುತ್ತದೆ, ನೀರು ನಿಂತಲ್ಲಿ ಲೋಳೆ ಬೆಳೆಯುತ್ತದೆ. ತಳದಲ್ಲಿ ಒಂದು ಡ್ರೈನ್ ಬೋಲ್ಟು ಇರಲೇಬೇಕು.

ಉತ್ತರ 3: ಹೊಸಂಗಡಿ ಕಾಗದಪತ್ರ

ಕಬ್ಬಿಣದ ಕೆಲಸ ನನಗೆ ತಿಳಿಯದು, ಕಾಗದದ ಕೆಲಸ ಮಾತ್ರ ಹೇಳಬಲ್ಲೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಈ ಸೆಕ್ಷನ್ನಿನ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಕೇರಳದಿಂದಲೇ ಹೋದ ಪ್ರಕರಣದ್ದು, ಆದ್ದರಿಂದ ನಮ್ಮ ಕಡೆಯ ಅಧಿಕಾರಿಗಳಿಗೆ ಅದು ಬಾಯಿಪಾಠವಾಗಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲಿಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು.

ಟ್ಯಾಂಕಿನ ಗಾತ್ರ ಆರ್‌ಸಿಯಲ್ಲಿ ಎಲ್ಲಿದೆ ಎಂದು ವಾದಿಸುವವರನ್ನು ಕಂಡಿದ್ದೇನೆ. ಗಾತ್ರ ಇಲ್ಲದಿರಬಹುದು, ಗಾಡಿಯ ಖಾಲಿ ತೂಕ ಇದೆ. ನಿಮ್ಮದು 2017ರ ಗಾಡಿಯಾದ್ದರಿಂದ ಎಂಟು ವರ್ಷ ದಾಟಿದೆ, ಇನ್ನು ವರ್ಷವರ್ಷವೂ ಫಿಟ್ನೆಸ್ ಪರೀಕ್ಷೆಗೆ ನಿಲ್ಲಿಸಬೇಕು. ಊರಲ್ಲಿ ಮಾಡಿಸಿದ ಟ್ಯಾಂಕನ್ನು ಪ್ರತಿ ವರ್ಷ ಸಮರ್ಥಿಸಿಕೊಳ್ಳುವುದು ಸುಲಭವಲ್ಲ. ನಿಮ್ಮ ಮಾದರಿಗೇ ತಯಾರಕರು ದೊಡ್ಡ ಟ್ಯಾಂಕನ್ನು ಕೊಡುತ್ತಾರೆಯೇ ಎಂದು ಪಾರ್ಟ್ ನಂಬರಿನೊಂದಿಗೆ ವಿಚಾರಿಸಿರಿ. ಇದ್ದರೆ ಆರ್‌ಟಿಒ ಕಚೇರಿಯಲ್ಲಿ ಮಾತನಾಡಲು ಒಂದು ನೆಲೆ ಸಿಗುತ್ತದೆ. ವಿಮೆಯವರಿಗೂ ಬರಹದಲ್ಲಿ ತಿಳಿಸಬೇಕು. ಬೇರೆಯವರ ಕಾರನ್ನು ಮೇಲೆ ಹೊತ್ತು ಹೋಗುವ ಗಾಡಿಗೆ ಬೆಂಕಿ ತಗುಲಿದರೆ ಮೊದಲ ಪ್ರಶ್ನೆ ಟ್ಯಾಂಕಿನ ಬಗ್ಗೆಯೇ ಬರುತ್ತದೆ.

ಕುಂಬಳೆ ರಿಕವರಿ

ಮೂವರಿಗೂ ಕೃತಜ್ಞತೆಗಳು. ತಲಪಾಡಿಯ ಲೆಕ್ಕ ನೋಡಿ ಮನೆಯಲ್ಲಿ ಎಲ್ಲರೂ ನಕ್ಕರು. ಮೂಗಿಗಿಂತ ಮೂಗುತಿ ಭಾರ ಎಂಬಂತಾಯಿತು. ಇಂದು ಅಳತೆ ತೆಗೆದೆ. ಟೂಲ್ ಬಾಕ್ಸನ್ನು ಎಡಕ್ಕೆ ಸರಿಸಿದರೆ ಬಲಗಡೆ ಸಿಗುವುದು 70 ಸೆಂಟಿಮೀಟರ್ ಉದ್ದ, 45 ಅಗಲ, 35 ಎತ್ತರ. ಅಂದರೆ 110 ಲೀಟರ್, ತಡೆಹಲಗೆ ಮತ್ತು ಖಾಲಿ ಜಾಗ ಕಳೆದರೆ ನೂರು. 150ರ ಮಾತನ್ನು ಬಿಟ್ಟೆ. ಕಂಪೆನಿಯ ಟ್ಯಾಂಕು ಈ ಅಳತೆಯೊಳಗೆ ಬರುತ್ತದೆಯೇ ಎಂದು ನಾಳೆ ವಿಚಾರಿಸುತ್ತೇನೆ. ಒಂದು ಸಂಶಯ ಉಳಿದಿದೆ: ಈಗಿನ ಗೇಜು ಹೊಸ ಟ್ಯಾಂಕಿನಲ್ಲಿ ಸರಿಯಾಗಿ ತೋರಿಸುತ್ತದೆಯೇ?

ಪೆರ್ಲದ ಮೆಕ್ಯಾನಿಕ್

ಹಳೆಯ ಫ್ಲೋಟನ್ನೇ (ಡೀಸೆಲಿನ ಮೇಲೆ ತೇಲುತ್ತ ಗೇಜಿಗೆ ಮಟ್ಟ ತಿಳಿಸುವ ಭಾಗ) ಹಾಕಿದರೆ ತೋರಿಸುವುದಿಲ್ಲ. ಫ್ಲೋಟಿನ ಕಡ್ಡಿ ಹಳೆಯ ಟ್ಯಾಂಕಿನ ಆಳಕ್ಕೆ ಮಾಡಿದ್ದು. ಹೊಸದು ಹೆಚ್ಚು ಆಳವಿದ್ದರೆ ತಳದಲ್ಲಿ ಇನ್ನೂ ಹದಿನೈದು ಲೀಟರ್ ಇರುವಾಗಲೇ ಮುಳ್ಳು ಖಾಲಿ ತೋರಿಸುತ್ತದೆ. ಕಂಪೆನಿಯ ಟ್ಯಾಂಕಾದರೆ ಅದರದೇ ಫ್ಲೋಟನ್ನು ಕೇಳಿ ತೆಗೆದುಕೊಳ್ಳಿ, ಆದರೆ ಅದರ ಓಮ್ ಮೌಲ್ಯ (ವಿದ್ಯುತ್ ತಡೆಯ ಅಳತೆ) ನಿಮ್ಮ ಮೀಟರಿಗೆ ಹೊಂದುವುದನ್ನು ಖಚಿತಪಡಿಸಿಕೊಳ್ಳಿ. ಕೂರಿಸಿದ ಮೇಲೆ ಖಾಲಿಯಿಂದ ಆರಂಭಿಸಿ ಹತ್ತು ಹತ್ತು ಲೀಟರ್ ಹೊಯ್ಯುತ್ತ, ಪ್ರತಿ ಸಲವೂ ಮುಳ್ಳು ಎಲ್ಲಿ ನಿಂತಿತೆಂದು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿರಿ. ಸೋರಿಕೆ ನೋಡುವಾಗ 3 ಪಿಎಸ್‌ಐಗಿಂತ ಹೆಚ್ಚು ಗಾಳಿ ಕೊಡಬೇಡಿ, ಸಾಬೂನು ನೀರು ಸಾಕು. ಟಯರಿಗೆ ಹಿಡಿದಂತೆ ಹಿಡಿದರೆ ಟ್ಯಾಂಕು ಉಬ್ಬಿ ಒಡೆಯುತ್ತದೆ. ತೆಗೆದ ಹಳೆಯ ಟ್ಯಾಂಕನ್ನು ಕತ್ತರಿಸಲು ಅಥವಾ ವೆಲ್ಡಿಂಗಿಗೆ ಯಾರಿಗೂ ಕೊಡಬೇಡಿ, ಒಳಗೆ ಉಳಿದ ಆವಿ ಕಿಡಿಗೆ ಸಿಡಿಯುತ್ತದೆ.

ಟೂಲ್ ಬಾಕ್ಸು ಎಡಕ್ಕೆ ಹೋಗುವುದಾದರೆ ಅಲ್ಲಿಯ ಸೈಲೆನ್ಸರಿಗೆ ಎಷ್ಟು ಅಂತರ ಉಳಿಯುತ್ತದೆ ಎಂಬುದನ್ನೂ ಅಳೆದಿದ್ದೀರಾ?